ತಪ್ಪಿನ ಸದ್ದು

ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಹೆಲ್ಮೆಟ್ಟಿನೊಳಗೆ ತಾನೊಬ್ಬಳೇ ನಗುತ್ತಿರುವುದು ಗೌತಮಿಗೆ ಗೊತ್ತಾಯಿತು. ತಕ್ಷಣ ತುಟಿ ಬಿಗಿಹಿಡಿದಳು. ಕಳೆದ ಗುರುವಾರದಿಂದ ಅವಳಿಗೆ ತನ್ನ ನಗುವಿನ ಮೇಲೆ ಅಷ್ಟು ನಂಬಿಕೆಯಿರಲಿಲ್ಲ. ಆದರೂ ತುಟಿ ಬಿಗಿಹಿಡಿದಷ್ಟೂ ಖುಷಿ ಬೇರೆ ಕಡೆಯಿಂದ ಉಕ್ಕುತ್ತಿತ್ತು. ಎಡಗೈ ಸ್ಕೂಟರಿನ ಹ್ಯಾಂಡಲ್ ಮೇಲೆ ತಾಳ ಹಾಕುತ್ತಿತ್ತು, ಪಕ್ಕದ ಬಸ್ಸಿನ ಕಿಟಕಿಯಲ್ಲಿದ್ದ ಮುದುಕರೊಬ್ಬರು ಅದನ್ನೇ ನೋಡುತ್ತಿದ್ದರು. ಹನ್ನೊಂದು ಗಂಟೆಗೆ ಗಂಗಾನಗರದ ಆಫೀಸಿನಲ್ಲಿ ಮೀಟಿಂಗು. ಕನ್ನಡ ಬಲ್ಲವರು ದಿನಕ್ಕೆ ಹತ್ತು ನಿಮಿಷ ಫೋನಿನಲ್ಲಿ ಇಂಗ್ಲಿಷ್ ಮಾತು ಕಲಿಯುವ 'ಬಾಯಿಮಾತು' ಎಂಬ ಆಪ್ ಅವರದು. ಐದು ವರ್ಷದಿಂದ ಅದು ಒಂದೇ ಮುಖ ಹೊತ್ತುಕೊಂಡು ಕೂತಿತ್ತು. ಜನ ಉತ್ಸಾಹದಿಂದ ಫೋನಿಗೆ ಹಾಕಿಕೊಳ್ಳುತ್ತಿದ್ದರು, ಒಂದು ವಾರ ಕಲಿಯುತ್ತಿದ್ದರು, ಎರಡನೆಯ ವಾರ ಮಾಯವಾಗುತ್ತಿದ್ದರು. ಯಾಕೆ ಮಾಯವಾಗುತ್ತಾರೆಂದು ಆಫೀಸಿನ ಗೋಡೆ ತುಂಬ ಹಳದಿ ಚೀಟಿ ಅಂಟಿಸಿಕೊಂಡು ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. ಬಣ್ಣ ಸರಿಯಿಲ್ಲ ಎಂದರು, ಅಕ್ಷರ ಚಿಕ್ಕದೆಂದರು, ಪಾಠ ಉದ್ದವೆಂದರು. ಆಪ್‌ನ ರೂಪ ಬದಲಿಸುವ ಕೆಲಸ ಗೌತಮಿಯ ಮೇಲೆ ಬಿದ್ದಿತ್ತು, ಮತ್ತು ಕಾರಣ ಅವಳಿಗೆ ಸಿಕ್ಕಿತ್ತು. ಇವತ್ತು ನಿರಂಜನ್ ಒಪ್ಪಿದರೆ ಅವಳ ಹೊಸ ವಿನ್ಯಾಸ ಸೋಮವಾರ ಎಲ್ಲರ ಫೋನಿಗೂ ಹೋಗುತ್ತದೆ. ಒಪ್ಪದಿದ್ದರೆ ಕೆಲಸ ಹೊರಗಿನ ಒಂದು ಕಂಪನಿಯ ಪಾಲು. ಅದನ್ನವನು ಬಾಸ್ ಆದವನ ಜಾಣತನದಲ್ಲಿ, ಚಹಾ ಕುಡಿಯುತ್ತ, ಹಿಂದಿನ ತಿಂಗಳೇ ಮೆತ್ತಗೆ ಹೇಳಿಯಾಗಿತ್ತು.

ಕಾರಣ ಒಂದು ಸದ್ದು. ಉತ್ತರ ತಪ್ಪಾದಾಗ ಬಾಯಿಮಾತು 'ಟೊಂಯ್' ಎನ್ನುತ್ತಿತ್ತು. ಬಚ್ಚಲಲ್ಲಿ ಚೊಂಬು ಜಾರಿ ಬಿದ್ದು, ಬಿದ್ದದ್ದಕ್ಕೆ ತಾನೇ ನಾಚಿಕೊಂಡ ಹಾಗೆ ಕೊನೆಯಲ್ಲಿ ಸ್ವಲ್ಪ ಕೆಳಗಿಳಿಯುವ ಸದ್ದು. ಅದನ್ನು ಆರಿಸಿದವಳು ಗೌತಮಿಯೇ. ಐದು ವರ್ಷದ ಹಿಂದೆ, ಹನ್ನೊಂದು ಸದ್ದುಗಳನ್ನು ಒಂದರ ಹಿಂದೊಂದು ಕೇಳಿ, ಇದೇ ಇರಲಿ, ಇದರಲ್ಲಿ ಒಂಥರಾ ಮುದ್ದಿದೆ ಎಂದಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು. ಎಲ್ಲರೂ ಕೇಳಿದರು, ಎಲ್ಲರೂ ತಲೆಯಾಡಿಸಿದರು. ಆದರೆ ಕೇಳಿದ್ದು ಹೇಗೆ? ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು. ಆ ಆಫೀಸಿನಲ್ಲಿ ಹೆಡ್‌ಫೋನ್ ಇಲ್ಲದೆ ಏನನ್ನಾದರೂ ಕೇಳುವುದು ಬರಿಮೈಯಲ್ಲಿ ಓಡಾಡಿದಷ್ಟೇ ಅಸಭ್ಯ ಎಂಬುದು ಯಾರೂ ಬರೆದಿಡದ ನಿಯಮವಾಗಿತ್ತು. ಹಾಗಾಗಿ ಐದು ವರ್ಷದಲ್ಲಿ ಒಬ್ಬರೂ ಆ ಸದ್ದನ್ನು ಒಂದು ಕೋಣೆಯಲ್ಲಿ, ನಾಲ್ಕು ಜನರ ನಡುವೆ ಕೇಳಿರಲಿಲ್ಲ. ಕಲಿಯುವವರು ಮಾತ್ರ ದಿನವೂ ಕೇಳುತ್ತಿದ್ದರು. ಅವರ ಕಿವಿಯಲ್ಲಿ ಹೆಡ್‌ಫೋನ್ ಇರಲಿಲ್ಲ, ಸುತ್ತ ಮನೆಮಂದಿಯಿದ್ದರು.

ಗುರುವಾರ ಅವಳು ಅಬ್ಬಿಗೆರೆಗೆ ಹೋಗಿದ್ದಳು. ಜನ ಆಪ್ ಬಳಸುವುದನ್ನು ಅವರ ಮನೆಯಲ್ಲೇ ಕೂತು ನೋಡಿ, ವಿಡಿಯೋ ಮಾಡಿಕೊಂಡು ಬರುವುದು ಅವರ ಕೆಲಸದ ಪದ್ಧತಿ. ಅವತ್ತು ಹೋದದ್ದು ಕೃಷ್ಣಮ್ಮ ಎಂಬವರ ಮನೆಗೆ, ಒಂದು ಕಾಲಕ್ಕೆ ರಾಗಿ ಹೊಲವಿದ್ದ ಜಾಗದಲ್ಲಿ ಎದ್ದ ನಾಲ್ಕಂತಸ್ತಿನ ಕಟ್ಟಡ. ಕೆಳಗೆ ಮನೆಯವರು, ಮೇಲೆಲ್ಲ ಬಾಡಿಗೆಯವರು, ಮೆಟ್ಟಿಲ ಮೇಲೆ ಅವರ ಬಗೆಬಗೆಯ ಶೂಗಳು. ಅರವತ್ತರ ಹತ್ತಿರದ ಕೃಷ್ಣಮ್ಮ ಸೋಫಾದ ತುದಿಯಲ್ಲಿ, ಯಾವಾಗ ಬೇಕಾದರೂ ಎದ್ದು ಹೋಗಬೇಕಾಗಬಹುದು ಎಂಬಂತೆ ಕೂತಿದ್ದರು. ನಿಮಗ್ಯಾಕೆ ಇಂಗ್ಲಿಷ್ ಕಲಿಯಬೇಕು ಅನಿಸಿತು ಎಂಬುದು ಗೌತಮಿ ಎಲ್ಲರನ್ನೂ ಕೇಳುವ ಮೊದಲ ಪ್ರಶ್ನೆ. ಹೆಚ್ಚಿನವರು ಕೆಲಸಕ್ಕೆ ಎನ್ನುತ್ತಾರೆ, ಮಕ್ಕಳ ಸ್ಕೂಲಿಗೆ ಎನ್ನುತ್ತಾರೆ.

"ಬೈಯೋಕೆ ಕಣವ್ವ," ಎಂದರು ಕೃಷ್ಣಮ್ಮ. "ಮೇಲಿರೋ ಒಬ್ಬರ್ಗೂ ಕನ್ನಡ ಬರಾಕಿಲ್ಲ. ನಲ್ಲಿ ತಿರುಗಿಸ್ಬುಟ್ಟು ಆಫೀಸ್ಗೆ ಒಂಟೋಯ್ತಾರೆ, ಟ್ಯಾಂಕೆಲ್ಲ ಖಾಲಿ. ನಾನ್ ಬಾಯಿಗೆ ಬಂದಂಗೆ ಬೈದ್ರೆ ನಕ್ಕಂಡು 'ಓಕೆ ಆಂಟಿ' ಅಂತಾರೆ. ಬೈಸ್ಕಂಡಿದ್ದು ಅವ್ರಿಗೆ ಗೊತ್ತಾಗ್ಬೇಕಾ ಬ್ಯಾಡ್ವಾ?"

ಗೌತಮಿಗೆ ಆ ಕ್ಷಣವೇ ಅವರ ಮೇಲೆ ಪ್ರೀತಿ ಹುಟ್ಟಿತು. ವಿಡಿಯೋದಲ್ಲಿ ಸರಿಯಾಗಿ ಕಾಣಲೆಂದು ಫೋನನ್ನು ಕೈಯಲ್ಲಿ ಹಿಡಿಯದೆ ಟೀಪಾಯಿಯ ಮೇಲಿಡಲು ಹೇಳಿದಳು. ಕೃಷ್ಣಮ್ಮ ಒಂದು ಗಳಿಗೆ ತಡೆದರು, ಆಮೇಲೆ ಇಟ್ಟರು. ಮೊದಲ ಪ್ರಶ್ನೆ ಬಂತು, ನಾಲ್ಕು ಉತ್ತರಗಳನ್ನು ಆಪ್ ಗಟ್ಟಿಯಾಗಿ ಓದಿತು, ಅವರು ಒಂದನ್ನು ಒತ್ತಿದರು, ಹೊಳೆಯುವ ಟೈಲ್ಸಿನ ಆ ದೊಡ್ಡ ಹಾಲಿನಲ್ಲಿ ಟೊಂಯ್ ಎಂದಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೊಸೆ ನಯನಾ ಕಿಸಕ್ಕನೆ ನಕ್ಕಳು. ಮತ್ತು ಗೌತಮಿಯೂ ನಕ್ಕಳು. ಅದು ಬೇಕೆಂದು ನಕ್ಕದ್ದಲ್ಲ. ತಾನೇ ಆರಿಸಿದ ಸದ್ದನ್ನು ಮೊದಲ ಸಲ ಗಾಳಿಯಲ್ಲಿ ಕೇಳಿದ ಬೆರಗಿಗೆ, ಮುಚ್ಚಿಹಿಡಿಯಲು ಹೋಗಿ ಮೂಗಿನಿಂದ ಜಾರಿದ ಚಿಕ್ಕ ನಗು. ಹಾಗೆಂದು ಅವಳು ತನಗೆ ತಾನೇ ಐದು ದಿನದಿಂದ ವಿವರಿಸುತ್ತಿದ್ದಳು. ಕೃಷ್ಣಮ್ಮನವರೂ ನಕ್ಕರು, ಮನೆಗೆ ಬಂದವರು ನಗುವಾಗ ನಗದಿದ್ದರೆ ಹೇಗೆ ಎಂಬಂತೆ. "ಅಯ್ಯೋ, ನಮ್ಗೆಲ್ಲಿ ಬತ್ತದೆ ಬುಡವ್ವ," ಎಂದರು. ಆಮೇಲೆ ಫೋನನ್ನು ಟೀಪಾಯಿಯಿಂದ ಎತ್ತಿಕೊಂಡು ತೊಡೆಯ ಮೇಲಿಟ್ಟುಕೊಂಡರು.

ನಿಜವಾದ ಪವಾಡ ಅಲ್ಲಿಂದ ಮುಂದಿನದು. ಮರುದಿನ ಆಫೀಸಿನಲ್ಲಿ ಅದೇ ವಿಡಿಯೋ ನೋಡುತ್ತ ಗೌತಮಿ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಫೋನ್ ತೊಡೆಗೆ ಬಂದ ಮೇಲೆ ಕೃಷ್ಣಮ್ಮನವರ ಬಲಗೈ ಹೆಬ್ಬೆರಳು ಫೋನಿನ ಕೆಳಅಂಚಿನಲ್ಲಿ, ಸದ್ದು ಹೊರಬರುವ ಪುಟ್ಟ ತೂತುಗಳ ಮೇಲೆ ಕೂತಿತ್ತು. ಪಾಠದ ಧ್ವನಿ ಬರುವಾಗ ಬೆರಳು ಏಳುತ್ತಿತ್ತು. ಉತ್ತರ ಒತ್ತುವ ಮುಂಚೆ ಇಳಿಯುತ್ತಿತ್ತು. ಎದ್ದಿತು, ಇಳಿಯಿತು, ಎದ್ದಿತು, ಇಳಿಯಿತು. ಪಾಠ ಕೇಳಬೇಕು, ಹಾಗಾಗಿ ಸದ್ದು ಪೂರ್ತಿ ನಿಲ್ಲಿಸುವಂತಿಲ್ಲ. ತಪ್ಪು ಮನೆಮಂದಿಗೆ ಕೇಳಬಾರದು, ಹಾಗಾಗಿ ಬೆರಳು. ಗೌತಮಿ ಹಳೆಯ ವಿಡಿಯೋಗಳನ್ನೆಲ್ಲ ತೆಗೆದಳು. ಆರ್.ಟಿ. ನಗರದ ಶೇಖರಪ್ಪನವರು, ಚಿಕ್ಕಜಾಲದ ಹೊಲಿಗೆಯ ಹೆಂಗಸು, ಯಶವಂತಪುರದ ಮೆಡಿಕಲ್ ಸ್ಟೋರಿನವರು. ಒಂಬತ್ತು ಜನರಲ್ಲಿ ಏಳು ಜನರ ಹೆಬ್ಬೆರಳು ಅದೇ ಜಾಗದಲ್ಲಿತ್ತು. ಉಳಿದಿಬ್ಬರು ಫೋನಿನ ಸದ್ದನ್ನೇ ತೀರಾ ಸಣ್ಣ ಮಾಡಿಕೊಂಡಿದ್ದರು. ವರ್ಷಗಟ್ಟಲೆ ಕಣ್ಣೆದುರು ಇತ್ತು, ಎಲ್ಲರೂ ಪರದೆ ನೋಡುತ್ತಿದ್ದರೇ ಹೊರತು ಬೆರಳನ್ನಲ್ಲ. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ, ಆದರೂ ಎಲ್ಲರೂ ಒಂದೇ ಉಪಾಯ ಕಂಡುಕೊಂಡಿದ್ದರು. ಅವಳಿಗೆ ಆಫೀಸಿನ ನಡುವೆ ನಿಂತು ಕೂಗಬೇಕೆನಿಸಿತು. ಪಕ್ಕದಲ್ಲಿ ಕೋಡ್ ಬರೆಯುತ್ತಿದ್ದ ಆಯೇಷಾಳ ಹೆಡ್‌ಫೋನನ್ನೇ ಕಿತ್ತು ತೋರಿಸಿದಳು. ಆಯೇಷಾ ಎರಡು ಸಲ ನೋಡಿ, "ಯಾ ಅಲ್ಲಾ," ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು.

ಆ ಎರಡನೆಯ ಸಲ ನೋಡುವಾಗಲೇ ಗೌತಮಿಗೆ ತನ್ನ ನಗು ಕೇಳಿಸಿದ್ದು. ಟೊಂಯ್, ಅದರ ಬಾಲಕ್ಕೇ ಅಂಟಿಕೊಂಡು ಅವಳ ನಗು. ನಯನಾಳದು ದೊಡ್ಡದಿತ್ತು, ಆದರೆ ದೂರದ್ದು. ಅತ್ತೆ ಸೊಸೆಯರ ನಡುವಿನದು, ಅದಕ್ಕೆ ಸಂಜೆಯೊಳಗೆ ಉತ್ತರವೂ ಸಿಕ್ಕಿರುತ್ತದೆ. ಗೌತಮಿಯದು ಮೈಕಿನ ಪಕ್ಕದ್ದು. ಅದು ಬೆರಗಿನ ನಗುವಾಗಿ ಕೇಳಿಸಲಿಲ್ಲ. ಹಾಗೆ ನಗುವವರನ್ನು ಅವಳು ನೋಡಿದ್ದಳು: ಬ್ಯಾಂಕಿನ ಕೌಂಟರಿನ ಹಿಂದೆ, ಮಾಲಿನ ಲಿಫ್ಟಿನಲ್ಲಿ. ಶನಿವಾರವಿಡೀ ಕೂತು ಅದನ್ನು ಕತ್ತರಿಸಲು ನೋಡಿದಳು. ನಗು ತೆಗೆದರೆ ಸದ್ದೂ ಹೋಗುತ್ತಿತ್ತು, ಸದ್ದು ಇಟ್ಟರೆ ನಗುವೂ ಉಳಿಯುತ್ತಿತ್ತು. ಸದ್ದಿಲ್ಲದ ವಿಡಿಯೋ ತೋರಿಸಿ ಸದ್ದಿನ ಬಗ್ಗೆ ಮಾತಾಡುವುದು ಹೇಗೆ?

"ಶೇಖರಪ್ಪ ಅಂಕಲ್ದು ಹಾಕೇ," ಎಂದಿದ್ದಳು ಆಯೇಷಾ. "ಯಾಕ್ ಸುಮ್ನೆ ನಿನ್ ತಲೆ ಮೇಲೆ ಎಳ್ಕೋತೀಯಾ?"

"ಅವ್ರು ಮೊದ್ಲಿಂದಾನೇ ಬೆರಳಿಟ್ಕೊಂಡು ಕೂತಿದಾರೆ. ಸದ್ದೇ ಕೇಳಲ್ಲ ಅದ್ರಲ್ಲಿ. ಜೋರಾಗಿ ಕೇಳೋದು ಇದೊಂದ್ರಲ್ಲೇ, ಯಾಕಂದ್ರೆ ಫೋನ್ ಕೆಳಗಿಡಿ ಅಂತ ಹೇಳಿದ್ದು ನಾನು."

"ಹಂಗಾದ್ರೆ ಹಾಕು. ಯಾರೂ ನೋಟೀಸ್ ಮಾಡಲ್ಲ ಬಿಡು."

ಯಾರೂ ಗಮನಿಸುವುದಿಲ್ಲ ಎಂಬುದು ಸಮಾಧಾನವೋ ಅವಮಾನವೋ ಅವಳಿಗೆ ತಿಳಿಯಲಿಲ್ಲ. ಈಗ ಗಂಗಾನಗರದ ತಿರುವಿನಲ್ಲಿ ಸ್ಕೂಟರ್ ನಿಧಾನ ಮಾಡುತ್ತ, ಹಿಂದಿನ ಆಟೋದವನು ಹಾರ್ನ್ ಹೊಡೆಯುವಷ್ಟು ನಿಧಾನ ಮಾಡುತ್ತ, ಅವಳಿಗೆ ಅಪ್ಪನ ಚಪ್ಪಲಿಯ ಸದ್ದು ಕೇಳಿದಂತಾಯಿತು. ಇದೇ ರಸ್ತೆಗಳಲ್ಲಿ ಅಪ್ಪ ತ್ರಿವಿಕ್ರಮ ಅವಳಿಗೆ ಸ್ಕೂಟರ್ ಕಲಿಸಿದ್ದು. ಹಿಂದೆ ಕೂತು ಒಂದು ಮಾತೂ ಆಡುತ್ತಿರಲಿಲ್ಲ. ಅವಳು ತಪ್ಪು ಮಾಡಿದರೆ ಎರಡೂ ಕಾಲನ್ನು ನೆಲಕ್ಕೆ ಊರುತ್ತಿದ್ದರು, ಅಷ್ಟೇ; ಬಾಟಾ ಚಪ್ಪಲಿ ಡಾಂಬರಿಗೆ ಪರಪರ ಉಜ್ಜುತ್ತಿತ್ತು. ಏನು ತಪ್ಪಾಯಿತು ಅಪ್ಪಾ ಎಂದರೆ, "ಏನಿಲ್ಲ, ನಡಿ." ಬೈಯದ ಅಪ್ಪ ಎಂದು ಗೆಳತಿಯರಿಗೆಲ್ಲ ಹೊಟ್ಟೆಕಿಚ್ಚು. ಗೌತಮಿ ಇವತ್ತಿಗೂ ಎಡಕ್ಕೆ ತಿರುಗುವಾಗ ಬೇಕಾದ್ದಕ್ಕಿಂತ ಬೇಗ ಬ್ರೇಕ್ ಹಿಡಿಯುತ್ತಾಳೆ, ಯಾಕೆಂದು ಅವಳಿಗೆ ಗೊತ್ತಿಲ್ಲ. ಆದರೆ ಮೌನವೇ ಮರ್ಯಾದೆ ಎಂಬ ನಂಬಿಕೆ ಅವಳಿಗೆ ಅಲ್ಲಿಂದಲೇ ಬಂದಿರಬೇಕು, ಹೊಸ ಬಾಯಿಮಾತನ್ನು ಕಟ್ಟಿದ್ದೂ ಅದರ ಮೇಲೆಯೇ. ಹೊಸದರಲ್ಲಿ ತಪ್ಪು ಎಂಬುದೇ ಇಲ್ಲ. ಸದ್ದಿಲ್ಲ, ಕೆಂಪು ಬಣ್ಣವಿಲ್ಲ, ಅಡ್ಡಗೀಟಿಲ್ಲ. ಉತ್ತರ ಒತ್ತಿದರೆ ಕಾರ್ಡು ಹಗುರಾಗಿ ಜಾರುತ್ತದೆ, ಮುಂದಿನದು ಬರುತ್ತದೆ. ಸರಿಯಾದದ್ದು ಮತ್ತೆ ಬರುವುದಿಲ್ಲ, ತಪ್ಪಾದದ್ದು ನಾಳೆಯೋ ನಾಡಿದ್ದೋ ಗುಟ್ಟಾಗಿ ಮತ್ತೆ ಬರುತ್ತದೆ. ಸರಿ ಯಾವುದು ತಪ್ಪು ಯಾವುದು ಎಂಬುದು ಆಪ್‌ನ ಹೊಟ್ಟೆಯೊಳಗೇ ಇರುತ್ತದೆ. ಇದನ್ನು ಯೋಚಿಸಿದಾಗಲೆಲ್ಲ ಅವಳಿಗೆ ಯಾರೋ ತಣ್ಣನೆಯ ಕೈಯನ್ನು ಹಣೆಯ ಮೇಲಿಟ್ಟ ಹಾಗಾಗುತ್ತಿತ್ತು.

ಮೀಟಿಂಗಿನಲ್ಲಿ ಎಂಟು ಜನ. ಗೌತಮಿ ಪೀಠಿಕೆ ಹಾಕಲಿಲ್ಲ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಕೃಷ್ಣಮ್ಮನವರ ಹಾಲು ತೆರೆದುಕೊಂಡಿತು. 'ಆ ನಗು ನನ್ನದು' ಎಂಬ ವಾಕ್ಯವನ್ನು ಅವಳು ಬೆಳಿಗ್ಗೆ ಕನ್ನಡಿಯ ಮುಂದೆ ಮೂರು ಸಲ ಹೇಳಿ ಅಭ್ಯಾಸ ಮಾಡಿದ್ದಳು; ಈಗ ಅದನ್ನು ಹೇಳದೆಯೇ ವಿಡಿಯೋ ಓಡಲು ಬಿಟ್ಟಳು. ಕೃಷ್ಣಮ್ಮ ಒತ್ತಿದರು. ಟೊಂಯ್. ಕೋಣೆಯಲ್ಲಿದ್ದವರು ಹೋ ಎಂದು ನಕ್ಕರು. ಅವರೂ ಮೊದಲ ಸಲ ಗಾಳಿಯಲ್ಲಿ ಕೇಳುತ್ತಿದ್ದರು. ಆ ನಗುವಿನ ಅಬ್ಬರದಲ್ಲಿ ಅವಳ ನಗು ಎಲ್ಲಿ ಹೋಯಿತೋ, ಹೊಳೆಗೆ ಬಿದ್ದ ಉಪ್ಪಿನಂತೆ. ನಿರಂಜನ್ ಕಣ್ಣೊರೆಸಿಕೊಂಡು, "ಸಾರಿ, ಸಾರಿ, ಇನ್ನೊಂದ್ಸಲ ಹಾಕಿ," ಎಂದ. ಎರಡನೆಯ ಸಲ ಯಾರೂ ನಗಲಿಲ್ಲ. ಫೋನು ಟೀಪಾಯಿಯಿಂದ ತೊಡೆಗೆ ಹೋಯಿತು. ಹೆಬ್ಬೆರಳು ಇಳಿಯಿತು, ಎದ್ದಿತು, ಇಳಿಯಿತು. ಗೌತಮಿ ಶೇಖರಪ್ಪನವರ ಬೆರಳು ತೋರಿಸಿದಳು, ಹೊಲಿಗೆಯ ಹೆಂಗಸಿನ ಸೂಜಿ ಚುಚ್ಚಿದ ಬೆರಳು ತೋರಿಸಿದಳು. ಹೀಗೆ ಏಳು ಬೆರಳುಗಳನ್ನೂ ತೋರಿಸಿ ಮುಗಿಸಿದಳು.

"ಐದ್ ವರ್ಷ," ಎಂದ ನಿರಂಜನ್, "ಐದ್ ವರ್ಷ ಇದನ್ನ ಕಳಿಸ್ತಾ ಇದ್ವಾ ನಾವು?" ಆಮೇಲೆ ಹೊಸದನ್ನು ತನ್ನ ಫೋನಿನಲ್ಲಿ ತಾನೇ ಆಡಿನೋಡಿದ. ಕಾರ್ಡುಗಳು ಜಾರಿದವು. ಇಂಗ್ಲಿಷ್ ಚೆನ್ನಾಗಿ ಬಲ್ಲ ಅವನಿಗೆ ಒಂದೂ ತಪ್ಪಾಗಲಿಲ್ಲ. "ಎಷ್ಟ್ ಹಾಯಾಗಿದೆ ರೀ! ಎಲ್ಲೂ ತಡೆಯೋದೇ ಇಲ್ಲ. ಗೌತಮಿ, ಇದು ಪಕ್ಕಾ. ಸೋಮವಾರ ಬಿಟ್ಬಿಡೋಣ."

ಚಪ್ಪಾಳೆ ಬಿತ್ತು. ಆಯೇಷಾ ಮೇಜಿನ ಕೆಳಗೆ ಅವಳ ಕೈ ಹಿಂಡಿದಳು. ಗೌತಮಿಯ ಕಿವಿ ಬಿಸಿಯಾಯಿತು, ನೆಲದ ಮೇಲೆ ಕಾಲೇ ನಿಲ್ಲದಂತಾಯಿತು, ಆ ಹಿಗ್ಗಿನ ಭರದಲ್ಲೇ ಬೆಳಗಿನ ಆ ವಾಕ್ಯ ಹೊರಬಿತ್ತು. "ಆ ವಿಡಿಯೋದಲ್ಲಿ ನಕ್ಕಿದ್ದು ನಾನು."

ಎಲ್ಲರೂ ಅವಳತ್ತ ನೋಡಿದರು. ನಿರಂಜನ್ ಲ್ಯಾಪ್‌ಟಾಪ್ ಮುಚ್ಚುತ್ತ, "ಯಾರ್ ನಗಲ್ಲ ಹೇಳಿ? ನಾವೂ ನಕ್ವಲ್ಲ," ಎಂದ. ಇನ್ನೊಮ್ಮೆ ಸಣ್ಣಗೆ ನಗು ಹರಿಯಿತು, ಕುರ್ಚಿಗಳು ಹಿಂದೆ ಸರಿದವು, ಯಾರೋ ಊಟಕ್ಕೆ ಎಲ್ಲಿಗೆ ಎಂದರು. ಐದು ದಿನ ಎದೆಯಲ್ಲಿಟ್ಟುಕೊಂಡದ್ದು ಇಷ್ಟು ಸುಲಭವಾಗಿ ಮುಗಿದುಹೋಯಿತು. ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿಕೊಂಡ ಎನ್ನುತ್ತಾರೆ. ಇಲ್ಲಿ ಅವಳು ಕಾಯನ್ನೇ ಮೇಜಿನ ಮೇಲಿಟ್ಟಿದ್ದಳು, ಯಾರಿಗೂ ಬೇಕಿರಲಿಲ್ಲ. ಅವಳಿಗೆ ಬೇಸರವಾಯಿತು, ಬೇಸರವಾಯಿತೆಂದು ನಗು ಬಂತು, ನಗು ಬಂದದ್ದಕ್ಕೆ ಇನ್ನಷ್ಟು ಬೇಸರವಾಯಿತು. ಊಟಕ್ಕೆ ಬರುವುದಿಲ್ಲ ಎಂದು ಆಯೇಷಾಳಿಗೆ ಹೇಳಿ ಹೆಲ್ಮೆಟ್ ಎತ್ತಿಕೊಂಡಳು. ಈ ಹೊಸ ಬಾಯಿಮಾತನ್ನು ಮೊದಲು ಆಡಬೇಕಾದವರು ಒಬ್ಬರಿದ್ದರು. ಅವರು ಬೆರಳೆತ್ತಿ, ಹಾಯಾಗಿ ಆಡುವುದನ್ನು ಕಣ್ಣಾರೆ ನೋಡಬೇಕು. ಕ್ಷಮಿಸಿ ಎಂದು ಬಾಯಲ್ಲಿ ಹೇಳುವ ಬದಲು ಅದನ್ನೇ ಅವರ ಕೈಗೆ ಕೊಡಬೇಕು.

ಬಿಇಎಲ್ ಸರ್ಕಲ್ಲಿನ ಸಿಗ್ನಲ್ ಇವತ್ತು ಅವಳಿಗೆ ಉದ್ದವೆನಿಸಲಿಲ್ಲ. ಬಿಸಿಲು ಚೆನ್ನಾಗಿತ್ತು. ಗಂಗಮ್ಮನಗುಡಿಯ ಹತ್ತಿರ ತಳ್ಳುಗಾಡಿಗಳ ತುಂಬ ಅವರೆಕಾಯಿ ರಾಶಿ ಬಿದ್ದಿತ್ತು, ಅದರ ವಾಸನೆ ಹೆಲ್ಮೆಟ್ಟಿನೊಳಕ್ಕೂ ಬಂತು. ಸೋಮವಾರ, ಸೋಮವಾರ ಎಂದು ಮನಸ್ಸು ಕುಣಿಯುತ್ತಿತ್ತು. ಚಿಕ್ಕಜಾಲದಲ್ಲಿ, ಯಶವಂತಪುರದಲ್ಲಿ, ಎಲ್ಲೆಲ್ಲೂ ಹೆಬ್ಬೆರಳುಗಳು ಏಳುವುದನ್ನು ಅವಳು ಕಂಡಳು. ಸಾವಿರಾರು ಬೆರಳುಗಳು, ಒಂದೇ ದಿನ. ಕೆಲಸಕ್ಕೆ ಸೇರಿದ ಇಷ್ಟು ವರ್ಷದಲ್ಲಿ ತಾನು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಇದೇ ಇರಬೇಕು ಅನ್ನಿಸಿತು, ಅನ್ನಿಸಿದ್ದನ್ನು ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತು.

ಕೃಷ್ಣಮ್ಮ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಳು ಹಿತುಕುತ್ತಿದ್ದರು. ಅವಳನ್ನು ಕಂಡು, "ಬಾವ್ವ, ಬಾ," ಎಂದವರು ಅವಳ ಕೈಯಲ್ಲಿ ಫೋನು ನೋಡಿ ಒಂದಿಷ್ಟು ಹಿಂದೆ ಸರಿದ ಹಾಗೆ ಕಂಡಿತು. ಅಥವಾ ಅದು ಅವಳ ಕಲ್ಪನೆಯೂ ಇರಬಹುದು. "ಮತ್ತೆ ಪರೀಕ್ಷೆನಾ?"

"ಪರೀಕ್ಷೆ ಅಲ್ಲಮ್ಮ. ಹೊಸದು ಮಾಡಿದೀನಿ. ವಿಡಿಯೋನೂ ಇಲ್ಲ, ಏನೂ ಇಲ್ಲ. ನೀವು ಹೇಗ್ ಬೇಕೋ ಹಾಗೆ ಹಿಡ್ಕೊಳ್ಳಿ, ಸುಮ್ನೆ ಆಡಿ."

ಅವರು ಸೆರಗಿಗೆ ಕೈ ಒರೆಸಿಕೊಂಡು ಅವಳು ತಂದಿದ್ದ ಆಫೀಸಿನ ಫೋನ್ ತೆಗೆದುಕೊಂಡರು. ಹೆಬ್ಬೆರಳು ತಾನಾಗಿ ತನ್ನ ಜಾಗಕ್ಕೆ ಹೋಯಿತು. ಮೊದಲ ಕಾರ್ಡು. ಒತ್ತಿದರು, ಕಾದರು. ಸದ್ದಿಲ್ಲ. ಕಾರ್ಡು ಜಾರಿತು. ಅವರು ತಲೆಯೆತ್ತಿ ಗೌತಮಿಯ ಮುಖ ನೋಡಿದರು. ಗೌತಮಿ ಮುಖವನ್ನು ಆದಷ್ಟು ಶಾಂತವಾಗಿಟ್ಟುಕೊಂಡಳು. ಎರಡನೆಯದು, ಮತ್ತೆ ಮುಖ ನೋಡಿದರು. ನಾಲ್ಕನೆಯ ಕಾರ್ಡಿಗೆ ಬೆರಳು ತೂತಿನಿಂದ ಎದ್ದಿತು, ಆಮೇಲೆ ಇಳಿಯಲೇ ಇಲ್ಲ. ಗೌತಮಿಗೆ ಕಣ್ಣು ತುಂಬಿ ಬಂತು. ತನ್ನ ಸ್ವಂತ ಫೋನಿನಲ್ಲಿ ಅವರ ಉತ್ತರಗಳು ಒಂದೊಂದಾಗಿ ಬಂದು ಬೀಳುತ್ತಿದ್ದುದನ್ನು ಅವಳು ನೋಡಲೂ ಇಲ್ಲ. ಕೃಷ್ಣಮ್ಮನವರ ವೇಗ ಹೆಚ್ಚಿತು, ಬೆನ್ನು ನೆಟ್ಟಗಾಯಿತು, ಪ್ರತಿ ಸಲ ಒತ್ತಿ ತಲೆಯೆತ್ತಿದಾಗ ಮುಖ ಇನ್ನಷ್ಟು ಅರಳಿತು. ಹದಿನೈದು ಕಾರ್ಡು ಮುಗಿದಾಗ ಅವರು ತೊಡೆ ತಟ್ಟಿಕೊಂಡು ಒಳಗೆ ಕೂಗಿದರು.

"ನಯನಾ! ಏ ನಯನಾ! ಬಾರೆ ಇಲ್ಲಿ. ಅದಿನೈದಕ್ಕೆ ಅದಿನೈದೂ ಸರಿ ಮಾಡಿವ್ನಿ!"

ನಯನಾ ಬಾಗಿಲಿಗೆ ಬಂದಳು. "ನಿಜವಾಗ್ಲೂ ಅತ್ತೆ?"

"ಮತ್ತೆ? ಒಂದ್ ಸಲಾನೂ ಅದು ಅರಚ್ಕೊಳ್ಲಿಲ್ಲ. ಈವಮ್ಮನ ಮೊಕಾನೇ ನೋಡ್ತಿದ್ದೆ, ಒಂದ್ ಸಲಾನೂ ನಗ್ಲಿಲ್ಲ."

ಗೌತಮಿ ಆಗ ತನ್ನ ಫೋನಿನ ಕಡೆ ನೋಡಿದಳು. ಆರು ಸರಿ, ಒಂಬತ್ತು ತಪ್ಪು. ಅಷ್ಟರಲ್ಲಿ ಕೃಷ್ಣಮ್ಮ ಸೀರೆ ಕೊಡವಿಕೊಂಡು ಎದ್ದು ನಿಂತಿದ್ದರು. ಮೇಲಿನ ಮನೆಯವನು ಇವತ್ತು ಮನೆಯಲ್ಲೇ ಇದ್ದಾನಂತೆ, ಬೆಳಿಗ್ಗೆಯೂ ನಲ್ಲಿ ಬಿಟ್ಟಿದ್ದನಂತೆ. ಏಳನೆಯ ಕಾರ್ಡು ಸರಿಯಾಗಿ ಅದೇ ಮಾತಿನದಿತ್ತು: ಬಾಡಿಗೆಯವರು ನೀರು ಪೋಲು ಮಾಡಿದರೆ ಏನನ್ನುತ್ತೀರಿ? ಅವರು ಆರಿಸಿದ ಉತ್ತರವನ್ನು ಬಾಯಿಪಾಠ ಮಾಡಿಕೊಂಡಿದ್ದರು. ತೋರುಬೆರಳೆತ್ತಿ, ಹುಬ್ಬು ಗಂಟಿಕ್ಕಿ, ಮೆಟ್ಟಿಲ ಕಡೆಗೆ ತಿರುಗಿ ಒಮ್ಮೆ ಹೇಳಿಯೂ ನೋಡಿದರು, "ಯೂಸ್ ಆಸ್ ಮಚ್ ಆಸ್ ಯೂ ಲೈಕ್!" ಎಷ್ಟ್ ಬೇಕೋ ಅಷ್ಟ್ ಬಳಸ್ಕೊಳ್ಳಿ ಎಂದು, ಮೈಮೇಲೆ ದೇವರು ಬಂದವರ ಸಿಟ್ಟಿನಲ್ಲಿ. ಅವರು ಮೆಟ್ಟಿಲ ಮೇಲಿನ ಶೂಗಳನ್ನು ಕಾಲಿನಿಂದ ಸರಿಸಿ ಒಂದು ಮೆಟ್ಟಿಲು ಹತ್ತಿಯಾಗಿತ್ತು. ಮೇಲೆ ಒಬ್ಬ ಬಾಗಿಲು ತೆರೆಯುತ್ತಾನೆ, ಕೇಳುತ್ತಾನೆ, ನಗುತ್ತಾನೆ. ಅಥವಾ ನಗದೆ ಥ್ಯಾಂಕ್ಯೂ ಆಂಟಿ ಎನ್ನುತ್ತಾನೆ.

"ಅಮ್ಮ, ನಿಂತ್ಕೊಳ್ಳಿ," ಎಂದಳು ಗೌತಮಿ. ನಯನಾ ಅಲ್ಲೇ ಇದ್ದಳು. ಅವಳು ಒಳಗೆ ಹೋಗುವವರೆಗೆ ಕಾಯುವಷ್ಟು ಸಮಯವಿರಲಿಲ್ಲ. "ಅದು ತಪ್ಪಮ್ಮ. ಹದಿನೈದ್ರಲ್ಲಿ ಒಂಬತ್ತು ತಪ್ಪಾಗಿದೆ."

ನಯನಾಳ ತುಟಿ ಒಂದು ಮೂಲೆಯಲ್ಲಿ ಅಲುಗಿತು, ಗೌತಮಿಯ ಮುಖ ನೋಡಿ ಅಲ್ಲಿಗೇ ನಿಂತಿತು. ಕೃಷ್ಣಮ್ಮ ಮೆಟ್ಟಿಲ ಮೇಲೆ ಕಂಬಿ ಹಿಡಿದುಕೊಂಡೇ ಇದ್ದರು. ಅರಳಿದ ಮುಖ ಹಾಗೆಯೇ ಉಳಿಯಿತು, ಆಮೇಲೆ ನಿಧಾನವಾಗಿ ಅವರದಲ್ಲವೆಂಬಂತೆ ಕಳಚಿಕೊಂಡಿತು. ಕೆಳಗಿಳಿದು ಬಂದು ಮೊರದ ಮುಂದೆ ಕೂತರು.

"ಒಂಬತ್ತು."

"ಹೌದಮ್ಮ."

"ಮತ್ಯಾಕೆ ಸುಮ್ಕೆ ಕುಂತಿದ್ದೆ? ಬಾಯಿರ್ಲಿಲ್ವಾ ನಿಂಗೆ?"

"ನಿಮ್ಗೆ ಬೇಜಾರಾಗ್ಬಾರ್ದು ಅಂತ. ಹೋದ್ ಗುರುವಾರ ಆ ಸದ್ದು ಬಂದಾಗ ನಾನು ನಕ್ಬಿಟ್ಟೆ. ಅದು ನನ್ ತಪ್ಪು. ಅವತ್ತಿಂದ ನಂಗೆ..."

"ಊಂ, ನಕ್ದೆ," ಎಂದರು ಕೃಷ್ಣಮ್ಮ. "ಬೇಜಾರಾಯ್ತು. ಯಾಕ್ ಸುಳ್ ಯೋಳ್ಳಿ, ಅವತ್ತು ಊಟಾನೂ ಸೇರ್ಲಿಲ್ಲ. ಆದ್ರೆ ತಪ್ಪು ಅಂತಾನಾದ್ರೂ ಗೊತ್ತಾಯ್ತಲ್ಲವ್ವ. ಇವತ್ತು ನೀನು ಮರ್ವಾದೆ ಕೊಟ್ಟು ನನ್ನ ಮೇಲಕ್ಕೆ ಕಳಿಸ್ತಿದ್ದೆ." ಒಂದು ಅವರೆಕಾಳು ಹಿತುಕಿ ಮೊರಕ್ಕೆ ಹಾಕಿದರು. "ಯಾವ್ಯಾವು? ತೋರ್ಸು."

ಗೌತಮಿ ಅವರ ಕೈಯಿಂದ ಫೋನ್ ತೆಗೆದುಕೊಂಡಳು. ಹಿಂದಕ್ಕೆ ಸರಿಸಿದಳು, ಪಕ್ಕಕ್ಕೆ ಸರಿಸಿದಳು. ತಪ್ಪಾದವನ್ನು ತೋರಿಸುವ ಪರದೆ ಎಲ್ಲೂ ಇರಲಿಲ್ಲ. ಇರುವುದು ಹೇಗೆ, ಅದನ್ನು ತೆಗೆದವಳು ಅವಳೇ. ಕೃಷ್ಣಮ್ಮನವರಿಗೆ ನಗು ಕೇಳಬಾರದೆಂದು ಕಟ್ಟಿದ್ದು ಎಂದುಕೊಂಡಿದ್ದಳು; ತನ್ನ ನಗು ತನಗೇ ಕೇಳಬಾರದೆಂದು ಕಟ್ಟಿದ್ದಾಗಿತ್ತು. ನಾಚಿಕೆ ಕಿವಿಯವರೆಗೆ ಏರಿತು. ಅದರ ಬೆನ್ನಿಗೇ, ಅವಳೇ ನಾಚುವಂತೆ, ಮತ್ತೆ ಆ ಹಾಳು ಖುಷಿ. ಯಾಕೆಂದರೆ ಈಗ ಕಾಣುತ್ತಿತ್ತು. ತಪ್ಪು ಎನ್ನಬೇಕು, ಆದರೆ ಊರಿಗೆ ಕೇಳುವಂತಲ್ಲ. ಇದು ತಪ್ಪು, ಯಾಕೆಂದರೆ ಇದರ ಅರ್ಥ ಹೀಗೆ, ಸರಿಯಾದದ್ದು ಇದು ಎಂದು, ಪಕ್ಕದಲ್ಲಿ ಕೂತವರು ಹೇಳುವ ಹಾಗೆ ಹೇಳಬೇಕು. ಅಷ್ಟೇ. ಇಷ್ಟು ಸಣ್ಣದನ್ನು ಬಿಟ್ಟು ಅವರೆಲ್ಲ ಏನೆಲ್ಲ ಹುಡುಕಿದ್ದರು! ಬ್ಯಾಗಿನಿಂದ ಪುಸ್ತಕ ತೆಗೆದು, ತನ್ನ ಫೋನಿನಲ್ಲಿದ್ದ ಒಂಬತ್ತನ್ನೂ ನೋಡಿಕೊಂಡು ಒಂದರ ಕೆಳಗೊಂದು ಕನ್ನಡದಲ್ಲಿ ದಪ್ಪಗೆ ಬರೆದಳು. ಕೃಷ್ಣಮ್ಮ ಮೊರವನ್ನು ಆಚೆ ತಳ್ಳಿ ಹತ್ತಿರ ಸರಿದರು. ನಯನಾ ಕೂಡ ಕಾಫಿಯ ಮಾತೆತ್ತದೆ ಹೊಸ್ತಿಲ ಮೇಲೆ ಕೂತಳು.

"ಒಂದ್ನಿಮಿಷ ಅಮ್ಮ," ಎಂದು ಗೌತಮಿ ಫೋನಿನಲ್ಲಿ ಬೇಗಬೇಗ ಏನೋ ಒತ್ತತೊಡಗಿದಳು. ಸೋಮವಾರ ಬೇಡ, ನಿರಂಜನ್. ಬೆಳಿಗ್ಗೆ ತೋರಿಸಿದ್ದು ತಪ್ಪಾಗಿದೆ, ಬಂದು ಹೇಳ್ತೀನಿ. ಕಳಿಸುವ ಗುಂಡಿಯ ಮೇಲೆ ಅವಳ ಬೆರಳು ಒಂದು ಕ್ಷಣ ನಿಂತಿತು. ಹೊರಗಿನ ಕಂಪನಿ, ಬೆಳಗಿನ ಚಪ್ಪಾಳೆ, ಎಂಟು ಜನರ ಮುಖ ಕಣ್ಣ ಮುಂದೆ ಬಂದವು. ಒತ್ತಿದಳು.

"ಯಾರ್ಗವ್ವ ಅದು?"

"ನಮ್ ಬಾಸ್‌ಗೆ. ನಾನ್ ಮಾಡಿದ್ದು ತಪ್ಪಾಗಿದೆ ಅಂತ ಬರ್ದೆ."

ಕೃಷ್ಣಮ್ಮ ಪುಸ್ತಕದಿಂದ ತಲೆಯೆತ್ತಿ ಅವಳನ್ನೇ ನೋಡಿದರು. ಅವರ ಮುಖದಲ್ಲಿ ನಗುವಿರಲಿಲ್ಲ.

"ನಿಂದು ಎಷ್ಟು?" ಎಂದು ಕೇಳಿದರು.